ಹ್ಯಾಟಿಯ ಸಾಲಿನಲ್ಲಿ ನಾನು ಬಿಟ್ಟದ್ದು

ಕಳೆದ ತಿಂಗಳು ಗೆಳತಿ ಸುಷ್ಮಾಳ ಹೊಸ ಟೌನ್‌ಹೌಸಿನ ಗೃಹಪ್ರವೇಶಕ್ಕೆ ಹೋಗಿದ್ದೆವು. ಹೊಗೆಗೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆಂದು ಪುರೋಹಿತರು ಹೋಮಕುಂಡವನ್ನು ಗರಾಜಿನಲ್ಲಿಟ್ಟು, ಶಟರ್ ಎತ್ತಿಸಿ ಕೂತಿದ್ದರು. ಅಡುಗೆಮನೆಯಲ್ಲಿ ಉಕ್ಕಿಸಿದ ಹಾಲು ಸ್ಟವ್ ಮೇಲೆಲ್ಲ ಹರಿದು, ಸೀದ ವಾಸನೆ ಮನೆ ತುಂಬಿತ್ತು. "ಈಸ್ಟ್ ಫೇಸಿಂಗ್ ಸಿಗೋದೇ ಕಷ್ಟ ಕಣ್ರೀ ಇಲ್ಲಿ. ಮೊದ್ಲು ಬರೀ ಫಾರ್ಮ್ ಇತ್ತಂತೆ. ಫ್ರೆಶ್ ಜಾಗ," ಎಂದು ಸುಷ್ಮಾ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಕೋಸಂಬರಿಯ ತಟ್ಟೆ ಹಿಡಿದು ಹಿಂದಿನ ಗಾಜಿನ ಬಾಗಿಲ ಹತ್ತಿರ ನಿಂತೆ. ಅಲ್ಲಿದ್ದ ಇಳಿಜಾರನ್ನು ಕಡಿದು ಮಟ್ಟ ಮಾಡಿ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದಾರೆ. ತುದಿಯಲ್ಲಿ ಒಂದು ಕಾರು ನಿಲ್ಲಿಸುವಷ್ಟು ಜಾಗಕ್ಕೆ ಕಬ್ಬಿಣದ ಬೇಲಿ. ಅದೇನೆಂದು ಯಾರೋ ಕೇಳಿದರು. "ಏನೋ ಹಿಸ್ಟಾರಿಕಲ್ ಅಂತೆ, ಅಸೋಸಿಯೇಷನ್‌ನವ್ರು ಮೇಂಟೇನ್ ಮಾಡ್ತಾರೆ," ಅಂದಳು ಸುಷ್ಮಾ. ಬಾಯಿ ತೆರೆದರೆ ಶುಭದಿನ ಹಾಳು ಮಾಡಿದವಳಾಗುತ್ತೇನೆಂದು ಸುಮ್ಮನೆ ಕೋಸಂಬರಿ ತಿಂದೆ. ಸುಮ್ಮನಿರುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಆ ಜಾಗ ಫ್ರೆಶ್ ಆದದ್ದರಲ್ಲಿ ಆ ಅಭ್ಯಾಸದ್ದೂ ಪಾಲಿದೆ.

ಅದು ಎರಡು ಸಾವಿರದ ಇಪ್ಪತ್ತೊಂದನೆಯ ಇಸವಿ. ಹದಿನೇಳು ವರ್ಷ ಮಣ್ಣಿನೊಳಗಿದ್ದ ಜೀರುಂಡೆಗಳು ಒಟ್ಟಿಗೇ ಎದ್ದು ಬಂದ ವರ್ಷ. ಮೇ ತಿಂಗಳಲ್ಲಿ ರೆಸ್ಟನ್ನಿನ ನಮ್ಮ ಮನೆಯ ಡೆಕ್ ತುಂಬ ಅವುಗಳ ಸಿಪ್ಪೆ. ಬೆಳಗಿನಿಂದ ಸಂಜೆಯವರೆಗೆ ಕಿವಿಗಡಚಿಕ್ಕುವ ಸದ್ದು. ಆ ಸದ್ದಿನ ನಡುವೆ ಫೋನನ್ನು ಕಿವಿಗೆ ಒತ್ತಿ ಹಿಡಿದು ನಾನು ಮೈಸೂರಿನಿಂದ ಅಣ್ಣ ಹೇಳುವುದನ್ನು ಕೇಳುತ್ತಿದ್ದೆ. ಅಪ್ಪನಿಗೆ ಕೋವಿಡ್ ಆಗಿತ್ತು. "ಆಕ್ಸಿಜನ್ ಹಾಕಿದಾರೆ. ಸ್ಟೇಬಲ್ ಇದಾರೆ. ನೀನು ಟೆನ್ಷನ್ ಮಾಡ್ಕೋಬೇಡ." ಹೋಗುವ ಹಾಗಿರಲಿಲ್ಲ, ಹೋದರೆ ವಾಪಸ್ ಬರುವ ದಾರಿ ಮುಚ್ಚಿತ್ತು. ಅದಕ್ಕೆ ನಾನು ನಾಲ್ಕು ನಿಮಿಷದ ಮಾತನ್ನು ರೆಕಾರ್ಡ್ ಮಾಡಿ ಕಳಿಸಿದೆ, ಅಪ್ಪನ ಕಿವಿಯ ಹತ್ತಿರ ಹಿಡಿ ಎಂದು. ಒಂದು ಗಂಟೆಯ ಮೇಲೆ ಅಣ್ಣನ ಉತ್ತರ ಬಂತು: "ಕೇಳಿಸ್ದೆ. ಕಣ್ಣು ಬಿಟ್ಟು ನೋಡಿದ್ರು."

ಆ ಹೊತ್ತಿಗೆ ಅಪ್ಪ ತೀರಿಹೋಗಿ ಎರಡು ದಿನವಾಗಿತ್ತು. ನನಗೆ ಗೊತ್ತಾದದ್ದು ಇನ್ನೂ ಎರಡು ದಿನದ ಮೇಲೆ, ಅದೂ ಚಿಕ್ಕಮ್ಮನ ಮಗಳು, ನನಗಿನ್ನೂ ಹೇಳಿಲ್ಲವೆಂದು ಗೊತ್ತಿಲ್ಲದೆ, ವಾಟ್ಸಾಪಿನಲ್ಲಿ ಓಂ ಶಾಂತಿ ಹಾಕಿದ್ದರಿಂದ. ಅಣ್ಣನಿಗೆ ಫೋನ್ ಮಾಡಿ ಕಿರುಚಿದೆ. ಅವನು ಅಳುತ್ತ ಹೇಳಿದ್ದು ಒಂದೇ ಮಾತು, "ನಿಂಗೆ ನೋವಾಗ್ಬಾರ್ದು ಅಂತ ಕಣೇ." ಅವತ್ತಿನಿಂದ ಆರು ತಿಂಗಳು ನಾನು ಅವನ ಹತ್ತಿರ ಮಾತಾಡಲಿಲ್ಲ. ಈ ಸಂಗತಿಯನ್ನು ಮೊದಲೇ ಹೇಳಿಬಿಡುತ್ತಿರುವುದು ಅನುಕಂಪಕ್ಕಲ್ಲ. ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದೆಂದು ಯಾರೂ ಅಂದುಕೊಳ್ಳಬಾರದು, ಅದಕ್ಕೆ.

ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ನಾನು ಡಿಪೆಂಡೆಂಟ್ ವೀಸಾದವಳು. ಸಂಬಳಕ್ಕೆ ದುಡಿಯುವಂತಿಲ್ಲ, ಪುಕ್ಕಟೆ ದುಡಿಯಲು ಅಡ್ಡಿಯಿಲ್ಲ. ನಲವತ್ತು ನಿಮಿಷ ದೂರದ ಪಕ್ಕದ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ, ದಾಖಲೆ ಕೋಣೆಗೆ ವಾಲಂಟಿಯರ್ ಬೇಕೆಂದು ಕಂಡಿತು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿ, ಮದುವೆಯಾಗಿ ಬಂದು, ಹನ್ನೊಂದು ವರ್ಷ ಅದನ್ನು ಸೂಟ್‌ಕೇಸಿನಲ್ಲಿಟ್ಟವಳು ನಾನು. ಜುಲೈನಲ್ಲಿ ಸೇರಿಕೊಂಡೆ. "ಸಂಬಳ ಇಲ್ದೆ ಇರೋ ಜಾಬ್‌ಗೆ ಎಷ್ಟು ಡ್ರೈವ್ ಮಾಡ್ತೀಯಾ ಮಾರಾಯ್ತಿ," ಎಂದು ನನ್ನ ಗಂಡ ರವಿ ಚುಡಾಯಿಸಿದ. ಆದರೆ ನಾನು ಮತ್ತೆ ಊಟ ಮಾಡಲು ಶುರು ಮಾಡಿದ್ದು ಅವನಿಗೆ ಸಮಾಧಾನ ತಂದಿತ್ತು.

ಕೋಣೆಯ ಮುಖ್ಯಸ್ಥೆ ಕ್ಯಾರಲ್ ನನ್ನ ಮುಂದಿಟ್ಟದ್ದು ಆ ಕೌಂಟಿಯ ಪೂರ್‌ಹೌಸಿನ, ನೂರು ವರ್ಷಕ್ಕೂ ಹಳೆಯ ದಾಖಲೆಗಳನ್ನು. ನಮ್ಮ ಕಡೆ ಬರಗಾಲದಲ್ಲಿ ಗಂಜಿ ಕೇಂದ್ರ ತೆರೆಯುತ್ತಿದ್ದರಲ್ಲ, ಅದನ್ನು ಶಾಶ್ವತ ಮಾಡಿ, ಸುತ್ತ ಹೊಲ ಹಾಕಿ, ಉಂಡವರೆಲ್ಲ ಆ ಹೊಲದಲ್ಲಿ ಗೇಯಬೇಕೆಂದು ಕಟ್ಟು ಮಾಡಿದರೆ ಹೇಗಿರುತ್ತದೋ ಹಾಗೆ. ಮುದುಕರು, ಕುಂಟರು, ಬಸುರಿಯರು, ಹುಚ್ಚರು, ಚಳಿಗಾಲಕ್ಕೆ ಸೌದೆಯಿಲ್ಲದವರು, ಎಲ್ಲರಿಗೂ ಒಂದೇ ಮನೆ. ಅದರಲ್ಲೂ ಬಿಳಿಯರಿಗೆ ಇಟ್ಟಿಗೆಯದು, ಕರಿಯರಿಗೆ ಹಿಂದಿನ ಮರದ ಕೊಟ್ಟಿಗೆ. ಯಾರನ್ನು ಸೇರಿಸಬೇಕು, ಯಾರನ್ನು ಪಕ್ಕದ ಕೌಂಟಿಗೆ ಓಡಿಸಬೇಕು ಎಂದು ತೀರ್ಮಾನಿಸಲು ಊರಿನ ದೊಡ್ಡ ಮನುಷ್ಯರ ಸಮಿತಿ. ನಾವು ವಾಲಂಟಿಯರುಗಳು ಪೆನ್ನು ಹೊರಗಿಟ್ಟು, ಪೆನ್ಸಿಲ್ ಮಾತ್ರ ಒಳಗೆ ತಂದು, ರಿಜಿಸ್ಟರನ್ನು ಸ್ಪಂಜಿನ ದಿಂಬಿನ ಮೇಲೆ ಮಲಗಿಸಿ, ಒಂದೊಂದು ಸಾಲನ್ನೂ ಕಂಪ್ಯೂಟರಿಗೆ ಇಳಿಸಬೇಕು. ಹೆಸರು, ವಯಸ್ಸು, ಬಣ್ಣ, ಬಂದ ಕಾರಣ, ಹೋದದ್ದು ಹೇಗೆ, ಷರಾ.

ಆ ಕೂಡುಬರಹ ನನಗೆ ನೀರು ಕುಡಿದಷ್ಟು ಸಲೀಸು. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಕರ್ಸಿವ್ ತಿದ್ದಿ, ಬೆರಳ ಗೆಣ್ಣಿನ ಮೇಲೆ ಸ್ಕೇಲಿನ ಏಟು ತಿಂದು ಬೆಳೆದವರು ನಾವು. ಇಲ್ಲಿನ ಎಳೆಯರಿಗೆ ಅದು ಓದಲೂ ಬರುವುದಿಲ್ಲ. ನಿಯಮದ ಪ್ರಕಾರ ಒಬ್ಬರು ಇಳಿಸಿದ್ದನ್ನು ಇನ್ನೊಬ್ಬರು ಮೂಲದೊಡನೆ ತಾಳೆ ನೋಡಬೇಕು. ನನ್ನ ಜೊತೆಯವನು ವಾಲ್ಟರ್, ಅಂಚೆ ಇಲಾಖೆಯಿಂದ ನಿವೃತ್ತನಾದ, ಎರಡೂ ಕಿವಿಗೆ ಯಂತ್ರ ಹಾಕಿಕೊಂಡ, ತಾನು ಪಿಸುಗುಟ್ಟಿದರೂ ಕೂಗಿದಂತೆ ಕೇಳಿಸುವ ಮನುಷ್ಯ. ಸೆಪ್ಟೆಂಬರಿನಲ್ಲಿ ಅವನಿಗೆ ಮಂಡಿ ಆಪರೇಷನ್ ಆಯಿತು. "ನಿನ್ನ ಕಣ್ಣು ಇದೆಯಲ್ಲ, ಸಾಕು. ನಿನ್ನದನ್ನ ಯಾರೂ ತಾಳೆ ನೋಡೋದು ಬೇಡ," ಎಂದಳು ಕ್ಯಾರಲ್. ಅಲ್ಲಿ ಎಲ್ಲರೂ ಆಡಿದ್ದು ಇಂಗ್ಲಿಷಿನಲ್ಲೇ. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲಿ. ಆ ಹೊಗಳಿಕೆಗೆ ಎಷ್ಟು ಉಬ್ಬಿದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಿಸ್ ಅರ್ಲೀನ್ ಬಂದದ್ದು ಆ ತಿಂಗಳೇ. ಎಪ್ಪತ್ತೊಂಬತ್ತು ವರ್ಷದ ಕರಿಯ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವರು. ಹಿರಿಯರ ಹೆಸರಿನ ಮೊದಲಿಗೆ ಮಿಸ್ ಸೇರಿಸುವುದು ಆ ಕಡೆಯ ಮರ್ಯಾದೆ, ನಾವು ಹೆಸರಿನ ಕೊನೆಗೆ ಅಮ್ಮ ಹಚ್ಚುವ ಹಾಗೆ. ಅವರ ಅಜ್ಜಿಯ ತಾಯಿ ಹ್ಯಾಟಿ ಪೂರ್‌ಹೌಸಿನಲ್ಲಿ ಸತ್ತವಳು. "ನಮ್ಮಮ್ಮ ಆ ಗುಡ್ಡದಲ್ಲಿ ಮಲಗಿದಾಳೆ ಅಂತ ಅಜ್ಜಿ ಸಾಯೋವರೆಗೂ ಹೇಳ್ತಿದ್ಲು. ದಾರೀಲಿ ಹೋಗೋವಾಗ ಬಸ್ಸಿನ ಕಿಟಕಿಯಿಂದಲೇ ತಲೆ ಬಾಗಿಸ್ತಿದ್ಲು," ಎಂದರು. ಗುಡ್ಡವೆಂದರೆ ಹಳೆಯ ಪೂರ್‌ಹೌಸಿನ ಹಿಂದಿನ ಇಳಿಜಾರು. ಅಲ್ಲಿ ಹೆಸರು ಕೆತ್ತದ ಕಾಡುಗಲ್ಲುಗಳು ಅಲ್ಲೊಂದು ಇಲ್ಲೊಂದು ನಿಂತಿದ್ದವು. ನಮ್ಮ ಕಾಶಿಕಣಗಿಲೆಯ ದಾಯಾದಿಯಂಥ ನೀಲಿ ಹೂವಿನ ಬಳ್ಳಿ ನೆಲ ಮುಚ್ಚಿತ್ತು. ಇಲ್ಲಿ ಹಿಂದಿನವರು ಅದನ್ನು ಗೋರಿಗಳ ಮೇಲೆ ನೆಡುತ್ತಿದ್ದರಂತೆ. ಆ ಹೊಲವನ್ನು ಒಬ್ಬ ಬಿಲ್ಡರ್ ಕೊಳ್ಳಲು ಹೊರಟಿದ್ದ. ಇಳಿಜಾರನ್ನು ಸ್ಮಶಾನವೆಂದು ಉಳಿಸಿಕೊಡಿ ಎಂದು ಮಿಸ್ ಅರ್ಲೀನ್ ಅವರ ಚರ್ಚಿನವರು ಅರ್ಜಿ ಕೊಟ್ಟಿದ್ದರು. ಸತ್ತವರ ಹೆಸರು ಬೇಕು, ಅವರ ಕಡೆಯವರು ಯಾರಾದರೂ ಎದ್ದು ಹೇಳಬೇಕು, ಆಗ ನೋಡೋಣ ಎಂದಿತ್ತು ಕೌಂಟಿ. ಎದ್ದು ಹೇಳಲು ಉಳಿದಿದ್ದವರು ಅವರೊಬ್ಬರೇ. ಹೆಸರು ಕೊಡಬೇಕಾದವಳು ನಾನು.

ಪ್ರತಿ ಬುಧವಾರ ಅವರು ಬರುತ್ತಿದ್ದರು, ನನ್ನನ್ನು ಮಗಳಂತೆ ಬೇಬಿ ಎಂದು ಕರೆಯುತ್ತಿದ್ದರು. ಮಾಸ್ಕಿನ ಮೇಲಿಂದ ಕಣ್ಣು ಕಿರಿದು ಮಾಡಿ, ನನ್ನ ಎದುರಿನ ಮೇಜಿನಲ್ಲಿ ಕೈ ಕಟ್ಟಿ ಕೂರುತ್ತಿದ್ದರು. ನಾನು ಕೇಳಿದ್ದಕ್ಕೆ ಕಾರ್ನ್‌ಬ್ರೆಡ್ ಮಾಡುವುದು ಹೇಳಿಕೊಟ್ಟರು, ನಾನು ಮಾಡಿಕೊಂಡು ಹೋದ ಚಿತ್ರಾನ್ನವನ್ನು ಕಾರಿನಲ್ಲಿ ಕೂತು ತಿಂದರು. ಅಪ್ಪನ ವಿಷಯ ನಾನು ಹೇಳಿದ್ದು ಆ ಊರಿನಲ್ಲಿ ಅವರೊಬ್ಬರಿಗೇ. ರೆಕಾರ್ಡಿಂಗಿನ ಸಂಗತಿ ಕೇಳಿ ಅವರು ಚಿತ್ರಾನ್ನದ ಡಬ್ಬಿಗೆ ಮುಚ್ಚಳ ಹಾಕಿದರು. ಆಮೇಲೆ, "ಪಾಪ, ನಿಮ್ಮಣ್ಣ," ಅಂದರು. ನನಗೆ ಸಿಟ್ಟು ಬಂದಿತ್ತು, ಪಾಪ ಅವನಲ್ಲ ನಾನು ಎಂದು.

ಅಕ್ಟೋಬರಿನ ಮೂರನೆಯ ಬುಧವಾರ ಹ್ಯಾಟಿ ಸಿಕ್ಕಳು. ಸುಮಾರು ಮೂವತ್ತು ವರ್ಷ, ಕಪ್ಪು. ಬಂದ ಕಾರಣ: ಮನೆಯಲ್ಲಿ ಸೌದೆಯಿಲ್ಲ, ಕಾಳಿಲ್ಲ. ಜೊತೆಗೆ ಒಂದು ಮಗು, ಹೆಣ್ಣು, ಎಂಟು ವರ್ಷ. ಮಗುವನ್ನು ವಯಸ್ಸಿಗೆ ಬರುವವರೆಗೆ ಒಬ್ಬ ರೈತನಿಗೆ ಜೀತಕ್ಕೆ ಬರೆದುಕೊಟ್ಟಿದೆ. ತಾಯಿ ಫೆಬ್ರವರಿಯಲ್ಲಿ ಸತ್ತಳು. ಷರಾದಲ್ಲಿ ಇನ್ನೆರಡು ತುಂಡು ವಾಕ್ಯ: ಕೇಳುವವರು ಬರಲಿಲ್ಲ. ಬೆಳಗಿನ ರೈಲಿನಲ್ಲಿ ಮೆಡಿಕಲ್ ಕಾಲೇಜಿಗೆ ಕಳಿಸಿದೆ.

ಕಾಲೇಜಿಗೆ ಅಂದರೆ ಕೊಯ್ದು ಕಲಿಯುವುದಕ್ಕೆ. ಕೇಳುವವರಿಲ್ಲದ ಹೆಣಗಳನ್ನು ಹಾಗೆ ಕಳಿಸುವುದು ಆಗ ಇಲ್ಲಿ ನಡೆದಿತ್ತು ಎಂದು ಕ್ಯಾರಲ್ ಮೊದಲೇ ಹೇಳಿದ್ದಳು. ಕೇಳಬೇಕಾದವಳು ಎಂಟು ವರ್ಷದ ಕೂಸು, ನಾಲ್ಕು ಮೈಲಿ ಆಚೆ ಯಾರದೋ ಅಡುಗೆಮನೆಯಲ್ಲಿ ಬೂದಿ ಬಳಿಯುತ್ತಿತ್ತು. ಆ ಕೂಸು ಬೆಳೆದು ಅಜ್ಜಿಯಾಗಿ, ಖಾಲಿ ಗುಡ್ಡಕ್ಕೆ ಬಸ್ಸಿನಿಂದ ತಲೆ ಬಾಗಿಸುತ್ತಿತ್ತು. ತಲೆ ಎತ್ತಿದರೆ ಎದುರಿಗೆ ಮಿಸ್ ಅರ್ಲೀನ್. ನನ್ನ ಮುಖದಿಂದ ಅವರಿಗೆ ಏನೋ ಗೊತ್ತಾಗಿತ್ತು.

"ಸಿಕ್ಕಿದ್ಲಾ, ಬೇಬಿ?"

"ಸಿಕ್ಕಿದ್ರು."

"ಗುಡ್ಡದಲ್ಲೇ ಇದಾಳಾ?"

ನಮ್ಮ ಮನೆಗಳಲ್ಲಿ ಸಾವಿನ ಸುದ್ದಿಯನ್ನು ನೇರ ಹೇಳುವ ರೂಢಿಯೇ ಇಲ್ಲ. ಸೀರಿಯಸ್ ಅಂತೆ, ಹೊರಟು ಬಾ, ಅನ್ನುತ್ತೇವೆ. ಅಜ್ಜಿಗೆ ಕ್ಯಾನ್ಸರಾದರೆ ಗ್ಯಾಸ್ಟ್ರಿಕ್ ಅನ್ನುತ್ತೇವೆ. ವಯಸ್ಸಾದವರ ಮುಂದೆ ಸತ್ಯ ನುಂಗಿಕೊಳ್ಳುವವಳೇ ಒಳ್ಳೆಯ ಮನೆತನದ ಹೆಣ್ಣು. ನಲವತ್ತು ವರ್ಷ ಕಲಿತ ಪಾಠ ನಾಲಿಗೆಗೆ ತಾನಾಗಿ ಬಂತು.

"ಹೌದು," ಅಂದೆ. "ಅಲ್ಲೇ ಹೂಳಿದಾರೆ."

ಅವರು ಮಾಸ್ಕನ್ನು ಕೆಳಗೆ ಎಳೆದು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಪುಣ್ಯದ ಕೆಲಸ ಮಾಡಿದೆನೆಂದುಕೊಂಡೆ. ಕಂಪ್ಯೂಟರಿನಲ್ಲಿ ಹ್ಯಾಟಿಯ ಷರಾದ ಎದುರು, ಅವಳ ಮೇಲಿನ ಕೆಳಗಿನ ಹೆಸರುಗಳಿಗೆ ಇದ್ದಂತೆಯೇ, ಗುಡ್ಡದಲ್ಲಿ ಹೂಳಿದೆ ಎಂದು ಹೊಡೆದೆ. ಮೂಲ ರಿಜಿಸ್ಟರ್ ಪೆಟ್ಟಿಗೆಯೊಳಗೆ ಹೋಯಿತು. ನೂರು ವರ್ಷ ಯಾರೂ ಬಿಚ್ಚದ ಪೆಟ್ಟಿಗೆಯನ್ನು ಇನ್ನು ಯಾರು ಬಿಚ್ಚುತ್ತಾರೆ ಎಂಬುದು ನನ್ನ ಧೈರ್ಯ.

ನವೆಂಬರಿನಲ್ಲಿ ಬಿಲ್ಡರನ ವಕೀಲರು ಬಿಚ್ಚಿದರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಚರ್ಚಿನವರ ಅರ್ಜಿಯ ಜೊತೆ ಲಗತ್ತಿಸಿದ್ದ ನನ್ನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮೂಲ ನೋಡಬೇಕು ಎಂದರು. ಪೆಟ್ಟಿಗೆಯನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದು, ದಿಂಬಿನ ಮೇಲೆ ರಿಜಿಸ್ಟರ್ ಇಟ್ಟುಕೊಟ್ಟವಳು ನಾನೇ. ಅವರು ಒಂದೊಂದೇ ಸಾಲಿಗೆ ಬೆರಳಿಟ್ಟು ತಾಳೆ ನೋಡಿದರು. ಒಂದು ಕಡೆ ಬೆರಳು ನಿಂತಿತು. ಫೋನಿನಲ್ಲಿ ಫೋಟೋ ತೆಗೆದುಕೊಂಡು, ನನಗೆ ಥ್ಯಾಂಕ್ಸ್ ಹೇಳಿ ಹೋದರು. ನಾನು ರಿಜಿಸ್ಟರನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟೆ.

ಮನೆಗೆ ಬಂದು ರವಿಗೆ ಎಲ್ಲ ಹೇಳಿದೆ.

"ಇವತ್ತೇ ಫೋನ್ ಮಾಡಿ ಹೇಳ್ಬಿಡು," ಅಂದ.

"ನಾಡಿದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬ ರೀ. ಅವರ ಮನೆ ತುಂಬ ಜನ ಬಂದಿರ್ತಾರೆ. ಅದು ಮುಗೀಲಿ."

"ನಿಮ್ಮಣ್ಣನೂ ಹೀಗೇ ಯೋಚ್ನೆ ಮಾಡಿರ್ತಾನೆ."

ಆ ರಾತ್ರಿ ನಾನು ರವಿಯ ಜೊತೆಗೂ ಮಾತು ಬಿಟ್ಟೆ. ಥ್ಯಾಂಕ್ಸ್‌ಗಿವಿಂಗ್ ಮುಗಿಯಿತು. ಆಮೇಲೆ ಕ್ರಿಸ್‌ಮಸ್ ಬಂತು. ಹಬ್ಬದ ಮುಂದೆ ಹೇಗೆ ಹೇಳುವುದು ಎಂದುಕೊಂಡೆ. ಆಮೇಲೆ ಹಿಮ ಬಿತ್ತು, ರಸ್ತೆ ಮುಚ್ಚಿತು, ದಾಖಲೆ ಕೋಣೆಗೆ ರಜೆ ಕೊಟ್ಟರು. ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದ ದಿನಗಳೆಷ್ಟೋ. ವಕೀಲರು ಅದನ್ನು ಬಳಸಲಿಕ್ಕಿಲ್ಲ, ಸತ್ತ ಹೆಂಗಸಿನ ವಿಷಯ ತೆಗೆಯುವಷ್ಟು ಕೆಟ್ಟವರಂತೆ ಕಾಣಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಕೆಟ್ಟವರಾಗಿರಲಿಲ್ಲ. ತಮ್ಮ ಕೆಲಸವನ್ನು ನೆಟ್ಟಗೆ ಮಾಡುವವರಾಗಿದ್ದರು, ಅಷ್ಟೇ. ನಾನು ನನ್ನದನ್ನು ಮಾಡಿರಲಿಲ್ಲ.

ಜನವರಿ ಕೊನೆಗೆ ಕೌಂಟಿಯ ಮಂಡಳಿಯ ಮುಂದೆ ಚರ್ಚಿನವರ ಅರ್ಜಿಯ ವಿಚಾರಣೆ ನಡೆಯಿತು. ಒಬ್ಬೊಬ್ಬರಿಗೆ ಮೂರು ನಿಮಿಷ. ಮಿಸ್ ಅರ್ಲೀನ್ ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು ಬಂದಿದ್ದರು. ಹಾಗೆ ಶೃಂಗರಿಸಿಕೊಂಡಿದ್ದನ್ನು ನೋಡಿ ಆಗಲಾದರೂ ಕೈ ಹಿಡಿದು ಹೊರಗೆ ಕರೆದು ಹೇಳಬಹುದಿತ್ತು. ನಾನು ಎರಡನೆಯ ಸಾಲಿನಲ್ಲಿ ಕೂತೇ ಇದ್ದೆ. ಅವರು ಮೈಕಿನ ಮುಂದೆ ನಿಂತು, ಕಾಗದ ನೋಡದೆ ಹೇಳಿದರು: "ನಮ್ಮಜ್ಜಿಯ ತಾಯಿ ಆ ಗುಡ್ಡದಲ್ಲಿದಾಳೆ. ಇದು ಬಾಯಿಮಾತಲ್ಲ. ನಿಮ್ಮದೇ ಕೌಂಟಿಯ ಪುಸ್ತಕದಲ್ಲಿ ಬರೆದಿದೆ." ಜನ ಚಪ್ಪಾಳೆ ತಟ್ಟಿದರು.

ಆಮೇಲೆ ವಕೀಲರು ಎದ್ದರು. ಕ್ಷಮೆ ಕೇಳುತ್ತಲೇ ಫೋಟೋವನ್ನು ಗೋಡೆಯ ಪರದೆಗೆ ಹಾಕಿದರು. ಹ್ಯಾಟಿಯ ಸಾಲು ಆಳೆತ್ತರ ಕಾಣಿಸಿತು. ಅದರ ಪಕ್ಕದಲ್ಲಿ ನನ್ನ ಪಟ್ಟಿಯ ಸಾಲು. ಆ ಮೆಲುದನಿಯಲ್ಲೇ ಓದಿದರು: ಕೇಳುವವರು ಬರಲಿಲ್ಲ, ಬೆಳಗಿನ ರೈಲಿನಲ್ಲಿ ಮೆಡಿಕಲ್ ಕಾಲೇಜಿಗೆ ಕಳಿಸಿದೆ. "ಮುಖ್ಯವಾದ ಸಾಲೇ ಹೀಗೆ ತಿದ್ದಿದ್ದರೆ, ಈ ಪಟ್ಟಿಯ ಉಳಿದ ಹೆಸರುಗಳನ್ನು ಮಂಡಳಿ ಹೇಗೆ ನಂಬಬೇಕು?" ಎಂದರು. ಮಿಸ್ ಅರ್ಲೀನ್ ಪರದೆಯನ್ನು ಕೊನೆಯವರೆಗೂ ಓದಿದರು. ತಿರುಗಿ ನನ್ನನ್ನು ಹುಡುಕಿದರು.

ಆ ಪಟ್ಟಿಯಲ್ಲಿ ಇನ್ನೂ ಮೂವತ್ತೊಂದು ಹೆಸರಿತ್ತು. ಮೂವತ್ತೊಂದೂ ಜನರನ್ನು ನಿಜವಾಗಿಯೂ ಆ ಗುಡ್ಡದಲ್ಲೇ ಹೂಳಿದ್ದರು, ರಿಜಿಸ್ಟರಿನಲ್ಲಿ ಹಾಗೆಂದೇ ಬರೆದಿತ್ತು. ಕ್ಯಾರಲ್ ಎದ್ದು ನಿಂತು ಅದನ್ನೇ ಹೇಳಿದಳು, ಪೆಟ್ಟಿಗೆ ತಂದು ತೋರಿಸುತ್ತೇನೆ ಎಂದಳು. ಸಮಯ ಮುಗಿಯಿತು ಎಂದರು ಮಂಡಳಿಯವರು. ಕಲ್ಲು ಕಣ್ಣಿಗೆ ಕಾಣುವ ಒಂದು ಮೂಲೆಗೆ ಬೇಲಿ ಹಾಕಿ, ಉಳಿದದ್ದನ್ನು ಕಟ್ಟಬಹುದು ಎಂದು ಮಂಡಳಿ ತೀರ್ಮಾನಿಸಿತು. ನನ್ನ ಒಂದು ಸುಳ್ಳಿಗೆ ಆ ಮೂವತ್ತೊಂದು ಜನವೂ ಸುಳ್ಳಾದರು. ಯಾರ ಮೇಲೂ ಹೊರಿಸಲಾಗದ ತಪ್ಪು ಅದು. ಬಿಲ್ಡರನ್ನು ಬೈದು ನೋಡಿದ್ದೇನೆ, ಹೊಟ್ಟೆ ತಣ್ಣಗಾಗಲಿಲ್ಲ.

ಹೊರಗೆ ಪಾರ್ಕಿಂಗಿನಲ್ಲಿ ಉಪ್ಪು ಚೆಲ್ಲಿದ ಹಿಮದ ಮೇಲೆ ಅವರ ಹಿಂದೆ ಓಡಿದೆ. ಮಾತು ಜೋಡಿಸಿಕೊಂಡಿದ್ದೆ, ಬಾಯಿಂದ ಬಂದದ್ದು ಬೇರೆ.

"ನಿಮಗೆ ನೋವಾಗ್ಬಾರ್ದು ಅಂತ, ಮಿಸ್ ಅರ್ಲೀನ್."

ಹೇಳಿ ಮುಗಿಸುವ ಮೊದಲೇ ಅದು ಯಾರ ಮಾತೆಂದು ನನಗೆ ಗೊತ್ತಾಯಿತು. ಅವರಿಗೂ ಗೊತ್ತಾಯಿತು, ಆ ಕತೆ ಅವರಿಗೆ ಹೇಳಿದವಳು ನಾನೇ ತಾನೆ. ಟೋಪಿ ತೆಗೆದು ಕಾರಿನ ಸೀಟಿನ ಮೇಲಿಟ್ಟರು.

"ಆ ನೋವು ನಂದು. ನಮ್ಮಜ್ಜಿಗೆ ಸಿಗದೇ ಇದ್ದದ್ದು, ನಂಗೆ ಬರಬೇಕಿತ್ತು. ಅದನ್ನ ನೀನು ಇಟ್ಕೊಂಡೆ. ಅಷ್ಟು ಜನರ ಮುಂದೆ, ಆ ವಕೀಲನ ಕೈಯಿಂದ ಕೊಡಿಸ್ದೆ."

ಯಾವಾಗಲೂ ಮಾತಿನ ಕೊನೆಗೆ ಬರುತ್ತಿದ್ದ ಬೇಬಿ ಈ ಸಲ ಬರಲಿಲ್ಲ.

ಕ್ಯಾರಲ್ ನನ್ನನ್ನು ಬರಬೇಡ ಅನ್ನಲಿಲ್ಲ, ಬೈಯಲೂ ಇಲ್ಲ. ಹಳೆಯ ಕಂದಾಯ ಕಾಗದಗಳ ತುಕ್ಕು ಹಿಡಿದ ಪಿನ್ನು ಬಿಚ್ಚುವ ಕೆಲಸ ಕೊಟ್ಟಳು. ಅದಕ್ಕೆ ಓದುವ ಅಗತ್ಯವಿಲ್ಲ. ಫೆಬ್ರವರಿಯ ಮೊದಲ ಬುಧವಾರ ನಾನು ಮೂಲೆಯಲ್ಲಿ ಕೂತು ಪಿನ್ನು ಬಿಚ್ಚುತ್ತಿದ್ದಾಗ ಮಿಸ್ ಅರ್ಲೀನ್ ಬಂದರು. ನನ್ನ ಹತ್ತಿರ ಬರುತ್ತಾರೆ, ಬೈಯುತ್ತಾರೆ, ಬೈಯಲಿ ಎಂದು ಎದ್ದು ನಿಂತೆ. ಅವರು ಕ್ಯಾರಲಳಿಗೆ ಹೇಳಿದ್ದು ನನಗೂ ಕೇಳಿಸಿತು: "ನಂಗೆ ಆ ಪುಸ್ತಕ ಬೇಕು. ಓದಿ ಹೇಳೋಕೆ ಬೇರೆ ಯಾರಾದ್ರೂ ಬೇಕು."

ವಾಲ್ಟರ್ ಕೋಲೂರಿಕೊಂಡು ಬಂದು ಅವರ ಪಕ್ಕ ಕೂತ. ಅವನಿಗೆ ಮೆಲ್ಲಗೆ ಓದಲು ಬರುವುದಿಲ್ಲ. ಸಾಲನ್ನು ಶುರುವಿನಿಂದ ಓದಿದ. ಹೆಸರು, ವಯಸ್ಸು, ಬಣ್ಣ, ಸೌದೆಯಿಲ್ಲ, ಕಾಳಿಲ್ಲ, ಮಗು ಒಂದು, ಹೆಣ್ಣು. ಷರಾಕ್ಕೆ ಬಂದು ಒಂದು ಕ್ಷಣ ತಡೆದು ಅವರ ಮುಖ ನೋಡಿದ. ಓದಿ, ಎಂದರು. ಓದಿದ. ಇಡೀ ಕೋಣೆಗೆ ಕೇಳಿಸಿತು. ಅವರು ತಾವು ತಂದಿದ್ದ ಬೈಬಲಿನ ಹಿಂದಿನ ಖಾಲಿ ಹಾಳೆಯಲ್ಲಿ, ಮನೆಯವರ ಹೆಸರುಗಳ ಕೆಳಗೆ, ಪೆನ್ಸಿಲಿನಿಂದ ನಿಧಾನವಾಗಿ ಅದನ್ನು ಬರೆದುಕೊಂಡರು. ರೈಲು, ಕಾಲೇಜು, ಎಲ್ಲವನ್ನೂ.

"ಇಷ್ಟೇನಾ?" ಎಂದು ಕೇಳಿದರು. "ಏನೂ ಬಿಟ್ಟಿಲ್ಲ ತಾನೆ?"

"ಏನೂ ಬಿಟ್ಟಿಲ್ಲ, ಮ್ಯಾಮ್."

"ಸರಿ. ಆ ಮೂವತ್ತೊಂದು ಜನರದ್ದೂ ಓದಿ. ಮೊದಲಿಂದ."